ನೀರಿಗೆ ಕೈಯಿಟ್ಟು ಬೆಂಕಿ ಅಳೆಯುವ ಹುಸೇನಪ್ಪ

ಹೊತ್ತು ಹುಟ್ಟಲು ಇನ್ನೂ ಅರ್ಧ ತಾಸಿದೆ. ತುರ್ವಿಹಾಳದಿಂದ ಎರಡು ಮೈಲಿ ಆಚೆ, ಕಾಲುವೆ ಕೆಲಸದ ಕ್ಯಾಂಪಿನ ಕೊನೆಯ ತಗಡಿನ ಚಪ್ಪರದಲ್ಲಿ ಕುಲುಮೆ ಆಗಲೇ ಕೆಂಪಗೆ ಉರಿಯುತ್ತಿದೆ. ಹುಸೇನಪ್ಪ ಇಕ್ಕಳದಿಂದ ಮುರಿದ ಉಳಿಯ ತುಂಡೊಂದನ್ನು ಬೆಂಕಿಯಿಂದ ಎಳೆದು, ಅರ್ಧಕ್ಕೆ ಕೊಯ್ದ ಸೀಮೆಎಣ್ಣೆ ಡಬ್ಬಿಯ ನೀರಿಗೆ ಬಿಡುತ್ತಾನೆ. ನೀರು ಚೊಂಯ್ ಎಂದು ಕೂಗಿ ಸುಮ್ಮನಾಗುತ್ತದೆ. ಹುಣಸೆ ಕಡ್ಡಿಯಿಂದ ಅದನ್ನು ಏಳು ಸುತ್ತು ಕಲಕಿ, ಕಡ್ಡಿಯನ್ನು ಬದಿಗಿಟ್ಟು, ಎಡಗೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿ ಕಣ್ಣು ಮುಚ್ಚುತ್ತಾನೆ.

"ಒಂದು... ಎರಡು... ಮೂರು..."

ಕುಲುಮೆಯ ಯಜಮಾನ, ಮಸ್ಕಿಯ ಮೌಲಾಸಾಬ್, ಸುತ್ತಿಗೆಯನ್ನು ನೆಲಕ್ಕೂರಿ ತಲೆ ಬಾಗಿಸಿ ನಿಂತಿದ್ದಾನೆ. ಹೊರಗೆ ಬಂಡೆ ಒಡೆಯುವ ಗಂಡಸರು, ಹೆಂಗಸರು ಉಳಿಗಾಗಿ ಕಾಯುತ್ತಿದ್ದಾರೆ. ಆರು ಎನ್ನುವಾಗ ಹುಸೇನಪ್ಪನ ಹುಬ್ಬು ಗಂಟಿಕ್ಕುತ್ತದೆ. ಎಂಟು ಎನ್ನುವಾಗ ದನಿ ತಗ್ಗಿ, ಒಂಬತ್ತು ಬಾಯಿಂದ ಬಂತೋ ಇಲ್ಲವೋ ತಿಳಿಯುವುದಿಲ್ಲ. ಹತ್ತಕ್ಕೆ ಕೈ ಎಳೆದುಕೊಳ್ಳುತ್ತಾನೆ, ಹಲ್ಲು ಕಚ್ಚಿಕೊಂಡೇ.

"ಹದ ಐತ್ರಿ ಉಸ್ತಾದ. ಇದ ಲೆಕ್ಕಕ್ಕ ತಿದಿ ಒತ್ತತೀನಿ."

ಮೌಲಾಸಾಬ್ ಸುತ್ತಿಗೆ ಎತ್ತಿಕೊಳ್ಳುತ್ತಾನೆ. ಕೈ ಆರಕ್ಕೋ ಏಳಕ್ಕೋ ಹೊರಗೆ ಬಂದಿದ್ದರೆ ಒಂದು ಉಳಿಯೂ ನೀರಿಗಿಳಿಯುತ್ತಿರಲಿಲ್ಲ. ಗುತ್ತೇದಾರ ಬಂದು ಎದೆಯ ಮೇಲೆ ನಿಂತರೂ ಇಳಿಯುತ್ತಿರಲಿಲ್ಲ.

ನಾಳೆ ಈ ಕಾಲುವೆಯಲ್ಲಿ ನೀರು ಬಂದಾಗ ದೊಡ್ಡ ದೊಡ್ಡವರೆಲ್ಲ ಬಂದು ಹಾರ ಹಾಕಿಸಿಕೊಳ್ಳುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುತ್ತಾರೆ. ಕೆತ್ತಿಸಿಕೊಳ್ಳಲಿ, ಬೇಡ ಅಂದವರಾರು? ಆದರೆ ಆ ಕಲ್ಲಿಗೆ ಇಳಿಯುವ ಉಳಿಗೆ ನೀರು ಕುಡಿಸಿದವನ ಹೆಸರು ಅಲ್ಲಿ ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆಯಬೇಕಾಗಿದೆ.

ಹುಸೇನಪ್ಪ ಸಂತೆಕಲ್ಲೂರಿನವನು. ವಯಸ್ಸು ನಲವತ್ತರ ಆಚೀಚೆ. ತಾನು ಹುಟ್ಟಿದ ವರ್ಷ ಅವನಿಗೂ ಗೊತ್ತಿಲ್ಲ, ಹೇಳಬೇಕಾದ ಅವನ ಅವ್ವನೂ ಇಲ್ಲ. ಮೂರು ವರ್ಷದ ಹಿಂದೆ ಹೆಂಡತಿ ಯಮನಮ್ಮನ ಜೊತೆ ಕಾಲುವೆ ಕೆಲಸಕ್ಕೆ ಬಂದ. ಅವಳು ಮಣ್ಣು ಹೊರಲು ನಿಂತಳು, ಅವನು ನೀರು ಹೊರಲು ನಿಂತ. ಹಳ್ಳದ ಒರತೆಯಿಂದ ಕುಲುಮೆಗೆ ಅರ್ಧ ಮೈಲಿ. ದಿನಕ್ಕೆ ಏಳು ಕಾವಡಿ, ಹದಿನಾಲ್ಕು ಕೊಡ. ಊರಾಚೆಯ ಕೇರಿಯವನೆಂದು ಅವನನ್ನು ಊರಿನ ಕುಲುಮೆಯವರು ಹೊಸಲು ತುಳಿಯಲು ಬಿಟ್ಟವರಲ್ಲ. ಮೌಲಾಸಾಬ್ ಮಾತ್ರ ಮೊದಲ ದಿನವೇ ತನ್ನ ಬುತ್ತಿಯ ರೊಟ್ಟಿ ಮುರಿದು ಅರ್ಧ ಕೊಟ್ಟ. "ನೀರು ತರೋನು ನಿಂತು ಉಂಡ್ರ ನನ್ನ ಕಬ್ಬಿಣಕ್ಕ ಬರಕತ್ ಇರಂಗಿಲ್ಲ, ಕೂಡು ಬಾ," ಎಂದ. ಆ ಮಾತನ್ನು ಹೇಳುವಾಗ ಹುಸೇನಪ್ಪನ ದನಿ ಇವತ್ತಿಗೂ ಒದ್ದೆಯಾಗುತ್ತದೆ.

ಕೆಲಸದ ಬಗೆ ಹೀಗೆ. ಬಂಡೆಗೆ ಮದ್ದು ತುಂಬಲು ತೂತು ಹೊಡೆಯಬೇಕು. ಒಬ್ಬರು ಉಳಿಯನ್ನು ಕೈಯಲ್ಲಿ ಹಿಡಿದು ಕೂಡುತ್ತಾರೆ, ಇನ್ನೊಬ್ಬ ನಿಂತು ಚಮ್ಮಟಿಗೆಯಿಂದ ಹೊಡೆಯುತ್ತಾನೆ. ದಿನಕ್ಕೆ ಅರವತ್ತು ಉಳಿಗಳ ಬಾಯಿ ಸವೆಯುತ್ತದೆ. ಅವನ್ನು ಕಾಯಿಸಿ, ಬಡಿದು ಚೂಪು ಮಾಡಿ, ಮತ್ತೆ ಕಾಯಿಸಿ, ಕಲ್ಲುಬಾನಿಯ ನೀರಿಗೆ ಅದ್ದಬೇಕು. ಕಡಿಮೆ ಕಾದ ಉಳಿ ಮೆತ್ತಗಾಗಿ ಕಲ್ಲಿಗೆ ಮಡಚಿಕೊಳ್ಳುತ್ತದೆ. ಹೆಚ್ಚು ಕಾದದ್ದು ಗಾಜಿನಂತೆ ಬಿರುಸಾಗಿ ಸಿಡಿಯುತ್ತದೆ. ಸಿಡಿದರೆ ಚಮ್ಮಟಿಗೆ ಜಾರಿ ಬೀಳುವುದು ಹಿಡಿದವರ ಬೆರಳಿನ ಮೇಲೆ.

ಮೌಲಾಸಾಬ್ ಬಣ್ಣ ನೋಡಿ ಹೇಳುವವನು. "ಗುಲಗಂಜಿ ಕೆಂಪು ಬಂತಂದ್ರ ತೆಗಿ. ಮಾವಿನಹಣ್ಣಿನ ಬಣ್ಣಕ್ಕ ಹೋತಂದ್ರ ಅದು ಕೆಟ್ಟಿತು," ಎನ್ನುತ್ತಿದ್ದ. ಮೂವತ್ತು ವರ್ಷ ಆ ಕಣ್ಣು ತಪ್ಪಿದ್ದಿಲ್ಲ. ಹುಸೇನಪ್ಪನಿಗೆ ಬಣ್ಣದ ಗೊಡವೆ ಇರಲಿಲ್ಲ. ನೀರು ಹೊರುವುದು, ಗಾಳಿ ಊದುವ ತಿದಿ ಒತ್ತುವುದು ಬಿಟ್ಟರೆ ಅವನಿಗೆ ಉಸ್ತಾದ ಹಚ್ಚಿಕೊಟ್ಟ ಕೆಲಸ ಒಂದೇ: ಉಳಿ ಅದ್ದಿದ ಹಾಗೆಲ್ಲ ಬಾನಿಯ ನೀರು ಕಾಯುತ್ತಾ ಹೋಗುತ್ತದೆ; ಅದರಲ್ಲಿ ಕೈಯಿಟ್ಟು ಹತ್ತು ಎಣಿಸುವವರೆಗೂ ತಾಳಬೇಕು, ತಾಳದಿದ್ದರೆ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಎರಡು ಕೊಡ ನೀರಿಗೆ ಹನ್ನೆರಡು ಉಳಿ. ಹನ್ನೆರಡನೆಯದಕ್ಕೆ ಹತ್ತು ಎಣಿಕೆ ಸರಿಯಾಗಿ ಮುಗಿಯುತ್ತಿತ್ತು. ಎರಡು ವರ್ಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಕಳೆದ ಬೇಸಿಗೆ, ಅಂದರೆ ೧೯೫೪ರ ಏಪ್ರಿಲ್‌ನಲ್ಲಿ, ಲೆಕ್ಕ ತಪ್ಪಿತು. ಒಂಬತ್ತನೆಯ ಉಳಿಗೇ ನೀರು ಕೈ ಸುಡತೊಡಗಿತು. ಅದೇ ದಿನಗಳಲ್ಲಿ ಬಂಡೆಯ ಮೇಲೆ ಉಳಿಗಳು ಮುರಿಯತೊಡಗಿದವು. ವಾರಕ್ಕೊಂದು ಮುರಿಯುತ್ತಿದ್ದದ್ದು ದಿನಕ್ಕೆ ನಾಲ್ಕಾಯಿತು. ಗುತ್ತೇದಾರನ ಮಂದಿ ಹೊಸ ಕಬ್ಬಿಣ ಖರಾಬು ಎಂದರು. ಕೆಲವರು ಬಂಡೆಗೆ ತೆಂಗಿನಕಾಯಿ ಒಡೆದರು. ಬಂಡೆಗೆ ಅದರಿಂದ ಏನಾಗಬೇಕು?

ಹುಸೇನಪ್ಪನೂ ಮೊದಲು ಬೇಸಿಗೆ ಎಂದುಕೊಂಡ. ಬಿಸಿಲಿಗೆ ಕೊಡದ ನೀರೇ ಬೆಚ್ಚಗಿರುತ್ತದಲ್ಲ! ಆದರೂ ಮನಸ್ಸು ಒಪ್ಪಲಿಲ್ಲ. ನಸುಕಿನಲ್ಲಿ ನೀರು ತಂದು ಹಸಿ ಗೋಣಿ ಹೊದಿಸಿಟ್ಟ. ಬಾನಿಯೊಳಗೆ ಗೆರೆ ಕೊರೆದು, ಒಂದು ಬೊಗಸೆಯೂ ಹೆಚ್ಚುಕಡಿಮೆ ಆಗದಂತೆ ಗೆರೆಗೆ ಸರಿಯಾಗಿ ತುಂಬಿದ. ಮೂರು ದಿನ ಹಾಗೆ ಮಾಡಿದ. ಮೂರು ದಿನವೂ ಒಂಬತ್ತಕ್ಕೇ ಕೈ ಸುಟ್ಟಿತು.

"ನೀರು ತನ್ನಷ್ಟಕ್ಕ ತಾ ಕಾಯಂಗಿಲ್ರಿ," ಎನ್ನುತ್ತಾನೆ ಹುಸೇನಪ್ಪ. "ನೀರು ಅಷ್ಟ ಐತಿ, ಕಬ್ಬಿಣಾನೂ ಅಷ್ಟ ಐತಿ. ಕಾವು ಹೆಚ್ಚಾಗೈತಿ ಅಂದ್ರ ಅದು ಎಲ್ಲಿಂದ ಬರಬೇಕು? ಕಬ್ಬಿಣ ಮೊದಲಿಗಿಂತ ಹೆಚ್ಚು ಕಾಯ್ದ ಬರಾಕತ್ತೈತಿ. ಹೆಚ್ಚು ಯಾಕ ಕಾಯಾಕತ್ತೈತಿ ಅಂತ ಯೋಚನಿ ಮಾಡಿದ್ನಿ ನೋಡ್ರಿ, ಉಸ್ತಾದನ ಕಣ್ಣಿನ ಮ್ಯಾಲ ಅನುಮಾನ ಬಂತು."

ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಅದನ್ನೇ ಹೇಳಿತು. ಉಸ್ತಾದ ತಂಬಿಗೆಗಾಗಿ ಎರಡು ಸಲ ತಡಕಾಡುತ್ತಿದ್ದ. ಒಂದು ದಿನ ಓವರ್‌ಸೀಯರ್ ಬಂದರೆಂದು ಎದ್ದು ಸಲಾಮ್ ಮಾಡಿದ. ಎದುರಿಗೆ ನಿಂತಿದ್ದವನು ಗಾಡಿ ಹೊಡೆಯುವವನು. ಮೂವತ್ತು ವರ್ಷ ಬೆಂಕಿ ನೋಡಿದ ಕಣ್ಣಿಗೆ ಪೊರೆ ಬಂದಿತ್ತು. ಮಾವಿನಹಣ್ಣಿನ ಬಣ್ಣ ಆ ಕಣ್ಣಿಗೆ ಗುಲಗಂಜಿಯಾಗಿ ಕಾಣುತ್ತಿತ್ತು.

ಯಾರಿಗೆ ಹೇಳಬೇಕು? ಹೇಳಿದರೆ ಮೌಲಾಸಾಬನ ಅನ್ನ ಹೋಗುತ್ತದೆ. ರೊಟ್ಟಿ ಮುರಿದು ಕೊಟ್ಟ ಕೈಯನ್ನು ಹಿಡಿದು ಹೊರಗೆ ದಬ್ಬಿದ ಹಾಗೆ. ಹುಸೇನಪ್ಪ ಒಂದು ವಾರ ಬಾಯಿ ಕಟ್ಟಿಕೊಂಡು ನೀರು ಹೊತ್ತ. ಏಳನೆಯ ದಿನ ಮಧ್ಯಾಹ್ನ ಬಂಡೆಯ ಕಡೆಯಿಂದ ಹೆಂಗಸಿನ ಚೀರಾಟ ಕೇಳಿತು. ಅವನ ಊರಿನವಳೇ, ಪಕೀರಮ್ಮ. ಉಳಿ ಸಿಡಿದು, ಜಾರಿದ ಚಮ್ಮಟಿಗೆಗೆ ಅವಳ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಸಿಂಧನೂರಿನ ದವಾಖಾನೆಯಲ್ಲಿ ಆ ಎರಡನ್ನೂ ತೆಗೆದರು.

ಅದೇ ಸಂಜೆ ಕೂಲಿಯವರ ಮೇಲಿನ ಮುಕಾದಮ ಬಂದು, ನಾಳೆಯಿಂದ ಪಕೀರಮ್ಮನ ಜಾಗದಲ್ಲಿ ಉಳಿ ಹಿಡಿಯುವವಳು ಯಮನಮ್ಮ ಎಂದು ಹೇಳಿಹೋದ.

ಹುಸೇನಪ್ಪ ಕಾವಡಿಯನ್ನು ಅಲ್ಲೇ ಬಿಸಾಕಿ ಚಪ್ಪರಕ್ಕೆ ಓಡಿದ. ಕಾಲುವೆಯ ಓವರ್‌ಸೀಯರ್ ಜಂಬಣ್ಣ ಮುರಿದ ಉಳಿಯನ್ನು ಕೈಯಲ್ಲಿ ಹಿಡಿದು ಮೌಲಾಸಾಬನ ಮುಂದೆ ನಿಂತಿದ್ದರು. ಲಿಂಗಸೂಗೂರಿನ ಕಡೆಯ ಹುಡುಗ ಪ್ರಾಯದ ಮನುಷ್ಯ. ಹೈದರಾಬಾದಿನಲ್ಲಿ ವಿಜ್ಞಾನ ಓದಿ ಬಂದವರು.

"ಸಾಹೇಬ್ರ, ಕಬ್ಬಿಣದ್ದು ತಪ್ಪಿಲ್ರಿ. ಉಳಿ ಹೆಚ್ಚು ಕಾಯಾಕತ್ಯಾವ. ನೀರು ಹೇಳಾಕತ್ತೈತಿ," ಎಂದ ಹುಸೇನಪ್ಪ, ಒಂದೇ ಉಸಿರಿನಲ್ಲಿ.

ಮೌಲಾಸಾಬನ ಮುಖ ಕಪ್ಪಿಟ್ಟಿತು. "ಅರೇ! ನೀರು ಹೊರೋನು ನಂಗ ಬೆಂಕಿ ಕಲಸಾಕ ಬಂದೇನಲೇ? ನನ್ನ ರೊಟ್ಟಿ ತಿಂದು ನನ್ನ ಮ್ಯಾಲ ಚಾಡಿ ಹೇಳ್ತಿ?"

ಹುಸೇನಪ್ಪ ಬಾನಿಯ ಕಡೆ ಕೈ ತೋರಿಸಿದ. ಉಸ್ತಾದನ ಕಣ್ಣಿನ ಮಾತನ್ನು ಮಾತ್ರ ಬಾಯಿಗೆ ತರಲಿಲ್ಲ. ಜಂಬಣ್ಣ ಇಬ್ಬರ ಮುಖವನ್ನೂ ನೋಡಿದರು. "ಜಗಳ ಬ್ಯಾಡ. ಮುಂಜಾನಿ ನೋಡೇ ಬಿಡೋಣ. ನೀರು ಹೇಳೋದು ಖರೇ ಆದ್ರ ನನ್ನ ಮುಂದೂ ಹೇಳ್ತದ."

ಮುಂಜಾನೆ ಅವರು ಕಾಂಕ್ರೀಟಿನ ಕೆಲಸಕ್ಕೆಂದು ತರಿಸಿಟ್ಟಿದ್ದ ಉಷ್ಣಮಾಪಕದ ಗಾಜಿನ ಕಡ್ಡಿ ಹಿಡಿದುಕೊಂಡು ಬಂದರು. ಯಮನಮ್ಮ ಬಂಡೆಗೆ ಹೋಗಬೇಕಾದವಳು ಹೊಸಲಲ್ಲೇ ನಿಂತಿದ್ದಳು. ಇವತ್ತು ಮಾಡಿದ ಉಳಿಗಳೇ ಅವಳ ಕೈಗೆ ಹೋಗುವಂಥವು. ಬಾನಿಗೆ ಗೆರೆಯವರೆಗೆ ನೀರು ತುಂಬಿದರು. ಕಡ್ಡಿ ಇಪ್ಪತ್ತೆಂಟು ತೋರಿಸಿತು. ಮೌಲಾಸಾಬ್ ತನ್ನ ಕಣ್ಣಳತೆಗೆ ಹನ್ನೆರಡು ಉಳಿ ಕಾಯಿಸಿ ಅದ್ದಿದ. ನೀರು ಐವತ್ತೈದಕ್ಕೆ ಏರಿತು.

"ಇದು ಹೆಚ್ಚೋ ಸರೀನೋ ಹೆಂಗ ತಿಳೀಬೇಕು? ಹಿಂದ ಎಷ್ಟಿತ್ತು?" ಎಂದರು ಜಂಬಣ್ಣ.

"ಹಿಂದ ಹನ್ನೆರಡಕ್ಕ ಹತ್ತು ಎಣಿಸ್ತಿದ್ನಿರಿ."

ಜಂಬಣ್ಣನವರ ತಲೆ ಓಡಿತು. ಬೇರೆ ಡಬ್ಬಿಯಲ್ಲಿ ನೀರಿಟ್ಟು, ಬಿಸಿನೀರನ್ನು ತುಸುತುಸುವೇ ಬೆರೆಸುತ್ತಾ, ಹುಸೇನಪ್ಪನ ಕೈ ಹತ್ತಕ್ಕೆ ಸರಿಯಾಗಿ ಸೋಲುವ ಕಾವು ಯಾವುದೆಂದು ಕಡ್ಡಿಯಲ್ಲಿ ನೋಡತೊಡಗಿದರು. ಹುಸೇನಪ್ಪ ಕೈಯಿಟ್ಟ, ಎಣಿಸಿದ. ಹತ್ತು ಎಣಿಕೆಗೆ ಕೈ ಸೋತಾಗ ಕಡ್ಡಿಯಲ್ಲಿ ಐವತ್ಮೂರು.

"ಹಿಂದ ಐವತ್ಮೂರು, ಈಗ ಐವತ್ತೈದು. ಎರಡ ಡಿಗ್ರಿ ಫರಕು. ಇದು ಬಿಸಿಲಿನ ಆಟ, ಹುಸೇನಪ್ಪ," ಎಂದು ಜಂಬಣ್ಣ ಕಡ್ಡಿ ಒರೆಸಿಕೊಂಡರು. ಮುಕಾದಮ ಹನ್ನೆರಡು ಉಳಿಗಳನ್ನು ಬುಟ್ಟಿಗೆ ಹಾಕತೊಡಗಿದ. ಹುಸೇನಪ್ಪ ಬುಟ್ಟಿಯನ್ನೇ ನೋಡಿದ. ಒಂದು ವಾರ ಸುಮ್ಮನಿದ್ದು ಪಕೀರಮ್ಮನ ಬೆರಳು ಕಳೆದ. ಬಾಯಿ ಬಿಟ್ಟು ಉಸ್ತಾದನ ಮರ್ಯಾದೆ ಕಳೆದ. ಇಷ್ಟೆಲ್ಲ ಆಗಿಯೂ ಆ ಉಳಿಗಳು ಹೆಂಡತಿಯ ಕೈಗೇ ಹೋಗುತ್ತಿವೆ.

"ಯಾವ ಕೈ ಇಟ್ಟಿ ನೀ?" ಎಂದಳು ಯಮನಮ್ಮ ಹೊಸಲಿನಿಂದ.

ಹುಸೇನಪ್ಪ ತನ್ನ ಒದ್ದೆ ಕೈ ನೋಡಿಕೊಂಡ. ಬಲಗೈ!

ದಿನವೂ ಅವನು ಇಡುತ್ತಿದ್ದದ್ದು ಎಡಗೈ. ಬಲಗೈಯಲ್ಲಿ ಇಕ್ಕಳವೋ ಕೊಡವೋ ಇರುತ್ತಿತ್ತಲ್ಲ. ಇವತ್ತು ದೊಡ್ಡ ಸಾಹೇಬರ ಮುಂದೆ, ಅವರು ಹಿಡಿದ ನೀರಿಗೆ ಎಡಗೈ ಹಾಕುವುದು ಬೇಅದಬಿ, ಮರ್ಯಾದೆ ತಪ್ಪಿದಂತೆ ಎಂದು, ತನಗೇ ತಿಳಿಯದೆ ಬಲಗೈ ಮುಂದೆ ಮಾಡಿದ್ದ. ಕಾವಡಿಯ ಹಗ್ಗ ಹಿಡಿದು, ತಿದಿ ಒತ್ತಿ, ದಡ್ಡುಗಟ್ಟಿ ಹೋದ ಕೈ.

"ಸಾಹೇಬ್ರ ಮುಂದ ಎಡಗೈ ಹೆಂಗ..." ಎಂದು ತೊದಲಿದ.

"ಆ ಕೈಗೆ ಏನು ತಿಳಿತದ? ದಡ್ಡು ಬಿದ್ದ ಕೈ ಅದು, ಕೆಂಡ ಹಿಡಿದ್ರೂ ಎಂಟು ಎಣಿಸ್ತಿ," ಎಂದು ಯಮನಮ್ಮ ಒಳಗೇ ಬಂದಳು. "ಸಾಹೇಬ್ರ, ನಮ್ಮಾತನ ಎಡಗೈ ನೋಡ್ರಿ. ದಿನಾ ನೀರು ನೋಡೋ ಕೈ ಅದು. ನಾಳಿ ಬೆರಳು ಹೋಗೂದು ನಂದು, ನಾ ಕೇಳಾಕತ್ತೀನಿ."

ಜಂಬಣ್ಣ ಉಳಿಯ ಬುಟ್ಟಿಯನ್ನು ಕೆಳಗಿಡಿಸಿದರು. ಡಬ್ಬಿಯಲ್ಲಿ ಮತ್ತೆ ಮೊದಲಿನಿಂದ ನೀರು ಬೆರೆಸಿದರು. ಎಡಗೈ ಹತ್ತಕ್ಕೆ ಸೋತದ್ದು ನಲವತ್ತೊಂಬತ್ತರಲ್ಲಿ. ಇನ್ನೊಂದು ಸಲ ನೋಡಿದರು, ಆಗಲೂ ನಲವತ್ತೊಂಬತ್ತೇ.

ಅವರು ಜೇಬಿನ ಪುಸ್ತಕ ತೆಗೆದು ಅಲ್ಲೇ ಉಳಿ ಬಡಿಯುವ ಅಡಿಗಲ್ಲಿನ ಮೇಲಿಟ್ಟುಕೊಂಡು ಬರೆದರು. "ಕಬ್ಬಿಣ ಕಳಕೊಂಡ ಕಾವು, ನೀರು ಪಡಕೊಂಡ ಕಾವು, ಎರಡೂ ಸಮ. ಪರೀಕ್ಷಾದಾಗ ಬರೋ ಲೆಕ್ಕ ಇದು. ನೀರಿನ ತೂಕ ಅಷ್ಟ, ಕಬ್ಬಿಣದ ತೂಕಾನೂ ಅಷ್ಟ, ಎರಡನ್ನೂ ಬಿಡು. ಹಿಂದ ನೀರು ಇಪ್ಪತ್ತೆಂಟರಿಂದ ನಲವತ್ತೊಂಬತ್ತಕ್ಕ, ಇಪ್ಪತ್ತೊಂದು ಡಿಗ್ರಿ ಏರತಿತ್ತು. ಈಗ ಇಪ್ಪತ್ತೇಳು. ಹಂಗಂದ್ರ ಎಂಟುನೂರು ಡಿಗ್ರಿ ಆಸುಪಾಸು ಇರಬೇಕಾದ ಕಬ್ಬಿಣ ಸಾವಿರ ಮುಟ್ಟಾಕತ್ತೈತಿ." ಪುಸ್ತಕ ಮುಚ್ಚಿ ಹುಸೇನಪ್ಪನ ಕಡೆ ತಿರುಗಿದರು. "ನಾ ಗಾಜಿನ ಕಡ್ಡಿ ಹಿಡಿದು ಮಾಡಿದ ಲೆಕ್ಕಾನ ನೀ ಕೈಯಾಗ ಮಾಡೀಯಲ್ಲೋ ಮಾರಾಯ!"

ಆ ಹನ್ನೆರಡರಲ್ಲಿ ಒಂದನ್ನು ಇಕ್ಕಳದಲ್ಲಿ ಹಿಡಿಸಿ ಬಂಡೆಗೆ ಹೊಡೆಸಿದರು. ಐದನೆಯ ಪೆಟ್ಟಿಗೆ ಸಿಡಿಯಿತು.

ಮೌಲಾಸಾಬ್ ಸಿಡಿದ ಚೂರನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ತಂದ, ಇನ್ನೂ ಹತ್ತಿರ ತಂದ, ಮೂಗಿಗೆ ತಾಗುವಷ್ಟು ಹತ್ತಿರ. ಎಲ್ಲರಿಗೂ ತಿಳಿಯಿತು. ಮುದುಕ ಅಡಿಗಲ್ಲಿನ ಪಕ್ಕ ಕುಸಿದು ಕುಳಿತ.

"ಎಷ್ಟು ದಿನ ಆತು ನಿಂಗ ಗೊತ್ತಾಗಿ?"

"ಒಂದು ವಾರ ಆತ್ರಿ ಉಸ್ತಾದ."

"ಒಂದು ವಾರ ನನ್ನ ಇಜ್ಜತ್ ಕಾಯ್ದಿ. ಅದಕ್ಕ ಆ ಹೆಣ್ಣುಮಗಳ ಬೆರಳು ಹೋದ್ವು." ಮುದುಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತ. ಹುಸೇನಪ್ಪನೂ ಅತ್ತ.

ಮೌಲಾಸಾಬನನ್ನು ಕಳಿಸಿಬಿಡಿ ಎಂದು ಗುತ್ತೇದಾರ ಕೂಗಾಡಿದ. ಅವನ ಸುತ್ತಿಗೆಯ ಪೆಟ್ಟು ಇನ್ನೊಬ್ಬರಿಗೆ ಬರುವುದಿಲ್ಲ ಎಂದು ಹುಸೇನಪ್ಪ ಪಟ್ಟು ಹಿಡಿದ, ಜಂಬಣ್ಣ ಒಪ್ಪಿದರು. ಈಗಿನ ಪದ್ಧತಿ ಅಂದು ಶುರುವಾದದ್ದು. ಮೊದಲು ಮುರಿದ ಉಳಿಯ ಅರ್ಧ ಸೇರಿನ ತುಂಡೊಂದು ಬೆಂಕಿಗೆ ಹೋಗುತ್ತದೆ. ತಿದಿ ಎಷ್ಟು ಸಲ ಒತ್ತಿದನೆಂದು ಹುಸೇನಪ್ಪ ಬೆಣಚುಕಲ್ಲು ಜೋಡಿಸಿ ಲೆಕ್ಕ ಇಡುತ್ತಾನೆ. ತುಂಡು ಅಳತೆಯ ನೀರಿಗೆ ಬೀಳುತ್ತದೆ, ಎಡಗೈ ಹೇಳುತ್ತದೆ. ಹತ್ತಕ್ಕೆ ಮುಂಚೆ ಕೈ ಬಂದರೆ ಕಲ್ಲು ಕಡಿಮೆ ಮಾಡು, ಹತ್ತು ದಾಟಿದರೆ ಹೆಚ್ಚು ಮಾಡು, ಇನ್ನೊಂದು ತುಂಡು ಹಾಕು. ಹದ ಸಿಕ್ಕ ಮೇಲೆ ಅರವತ್ತು ಉಳಿಗೂ ಅದೇ ಲೆಕ್ಕ. ಎಡಗೈಯಿಂದ ಅವನು ಭಾರ ಎತ್ತುವುದಿಲ್ಲ, ಹಗ್ಗ ಹಿಡಿಯುವುದಿಲ್ಲ. ದಡ್ಡು ಬೀಳಬಾರದೆಂದು ಯಮನಮ್ಮ ದಿನಾ ಅದಕ್ಕೆ ಕುಸುಬಿ ಎಣ್ಣೆ ಹಚ್ಚುತ್ತಾಳೆ. "ಬಾಣಂತಿ ಕೂಸಿನಂಗ ಸಾಕಾಕತ್ತೀನಿ ಈ ಕೈಯನ್ನ," ಎಂದು ನಗುತ್ತಾಳೆ.

"ಕಡ್ಡಿ ಹಾಕಿ ಕಲಕಿದ ಮ್ಯಾಲ ಕೈ ಇಡಬೇಕ್ರಿ," ಎಂದು ಹುಸೇನಪ್ಪ ಕಲಿಯಲು ಬಂದವರಿಗೆ ಹೇಳುತ್ತಾನೆ. "ಮ್ಯಾಲಿನ ನೀರು ಸುಳ್ಳು ಹೇಳ್ತದ." ಹನ್ನೊಂದು ತಿಂಗಳಾಯಿತು. ಈ ಕುಲುಮೆಯ ಉಳಿಗಳು ಸವೆದಿವೆ, ಮೊಂಡಾಗಿವೆ, ನಾಲ್ಕೈದು ಬಿರುಕೂ ಬಿಟ್ಟಿವೆ. ಕೈಯಲ್ಲಿ ಸಿಡಿದದ್ದು ಒಂದೂ ಇಲ್ಲ. ಅವನನ್ನು ಹಾಜರಿ ಪಟ್ಟಿಯಲ್ಲಿ ಇನ್ನೂ ನೀರು ಹೊರುವವನೆಂದೇ ಬರೆಯುತ್ತಾರೆ. ಅವನಿಗೆ ಅದರ ಚಿಂತೆ ಇಲ್ಲ, ನಮಗಿದೆ.

ಸಂಜೆ ಯಮನಮ್ಮ ಬಂಡೆಯಿಂದ ಬಂದೊಡನೆ ಮಾತಿಲ್ಲದೆ ಎರಡೂ ಅಂಗೈ ಚಾಚುತ್ತಾಳೆ. ಅವನು ನೋಡಿ ತಲೆಯಾಡಿಸುತ್ತಾನೆ. ಆಮೇಲೆಯೇ ನೀರು, ರೊಟ್ಟಿ. ಇಷ್ಟೆಲ್ಲ ನೆಟ್ಟಗಾದರೂ ಒಂದು ಮಾತ್ರ ಅವನಿಗೆ ಸರಿಹೋಗಿಲ್ಲ. ದವಾಖಾನೆಯಿಂದ ಬಂದ ಪಕೀರಮ್ಮನಿಗೆ ಜಂಬಣ್ಣ ಕುಲುಮೆಯಲ್ಲೇ ಕೆಲಸ ಕೊಟ್ಟಿದ್ದಾರೆ. ಹೊಸಲ ಬಳಿ ಕುಳಿತು ಉಳಿ ಎಣಿಸಿ ಕೊಡುವುದು ಅವಳ ಕೆಲಸ. ಎಂಟು ಬೆರಳಿನಲ್ಲಿ ಅವಳು ಉಳಿ ಎತ್ತಿಡುವ ಸದ್ದು ಅವನ ಬೆನ್ನ ಹಿಂದೆಯೇ ಕೇಳುತ್ತಿರುತ್ತದೆ. ನಿನಗೇನು ಆಸೆಯಪ್ಪಾ ಎಂದು ಕೇಳಿದರೆ ಹುಸೇನಪ್ಪ ಎಡಗೈ ನೋಡಿಕೊಂಡು ಹೇಳುತ್ತಾನೆ: "ಹತ್ತರ ತನಕ ದನಿ ತೆಗೆದು ಎಣಿಸಾಕ ಬರಬೇಕ್ರಿ. ಎಂಟಾದ ಮ್ಯಾಲ ನಂಗ ದನೀನ ಹೊರಡಂಗಿಲ್ಲ."

ಮರುದಿನ ಮುಂಜಾನೆ ಮತ್ತೆ ತುಂಡು ನೀರಿಗೆ ಬೀಳುತ್ತದೆ, ಕಡ್ಡಿ ಏಳು ಸುತ್ತು ಸುತ್ತುತ್ತದೆ, ಎಡಗೈ ಇಳಿಯುತ್ತದೆ. ಆರು. ಏಳು. ಎಂಟು. ದನಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಉಳಿ ಜೋಡಿಸುತ್ತಿದ್ದ ಪಕೀರಮ್ಮ ತಲೆ ಎತ್ತುತ್ತಾಳೆ.

"ಎಂಟಕ್ಕ ಯಾಕ ನಿಂದರತಿ ತಮ್ಮಾ? ದಿನಾ ಕೇಳಾಕತ್ತೀನಿ ನಾ," ಎನ್ನುತ್ತಾಳೆ, ಬೈಯುವ ದನಿಯಲ್ಲೇ. "ನನ್ನ ಎರಡು ಬೆರಳು ಹೋದ್ವು, ಹೋದ್ವು. ಒಂಬತ್ತು ಅನ್ನು. ಹತ್ತು ಅನ್ನು. ನಿನ್ನ ಹೇಣ್ತಿ ಅಲ್ಲಿ ಉಳಿ ಹಿಡಿಯಾಕ ಹೊಂಟಾಳ."

"ಒಂಬತ್ತು," ಎನ್ನುತ್ತಾನೆ ಹುಸೇನಪ್ಪ, ಎಲ್ಲರಿಗೂ ಕೇಳುವ ಹಾಗೆ. "ಹತ್ತು."